ಉಂಡು ಕೈ ತೊಳೆಯುವತನಕ

ನಮ್ಮತ್ತೆ ಕಿಷ್ಟಮ್ಮನ ಬಾಯಿ ಎಂಥದ್ದೆಂದು ಮಕ್ತಲ್ ಸಂತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಮನೆಯವರು ಉಣ್ಣಲು ಕೂತರೆ ಸಾಕು, ಶುರುವಾಯಿತು. ಗಂಗಾಳಕ್ಕೆ ರೊಟ್ಟಿ ಬೀಳುವ ಮೊದಲೇ ಬೈಗುಳ ಬೀಳುತ್ತಿತ್ತು. ಹರಿಗೋಲಿಗೆ ತೊಗಲು ಬದಲಿಸಲಿಲ್ಲವೆಂದು ಮಾವನಿಗೆ, ಬಲೆ ಒಣಹಾಕಲಿಲ್ಲವೆಂದು ನನ್ನ ಗಂಡನಿಗೆ. ಇನ್ನು ನನಗಂತೂ ಕಾರಣವೇ ಬೇಕಿರಲಿಲ್ಲ. ಮದುವೆಯಾಗಿ ಧರೂರಿನಿಂದ ಬಂದ ಹೊಸದರಲ್ಲಿ ಅಳುತ್ತಲೇ ಉಣ್ಣುತ್ತಿದ್ದೆ. ಆಕೆ ಬೈದಳೆಂದರೆ ನಾನು ಆ ಮನೆಯವಳಾದೆ ಎಂದು ಅರ್ಥ, ಅದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಬಂದವರಿಗೆ ಬೇರೆಯೇ ಕಾನೂನು. ಅವರಿಗೆ ಮನೆಯವರು ಉಣ್ಣುವ ಗಂಗಾಳವಿಲ್ಲ, ಮುತ್ತಲೆಲೆ ಹೊಲಿದ ಪತ್ರಾಳಿ. ಅವರು ಉಂಡು ಕೈ ತೊಳೆಯುವತನಕ ಮನೆಯ ಕಷ್ಟದ ಒಂದು ಮಾತೂ ಆಡುವಂತಿಲ್ಲ. ಏನು ಕೇಳಿದರೂ ಒಂದೇ ಉತ್ತರ: "ಏನಿಲ್ರಿ, ಎಲ್ಲಾ ಚೊಲೊ ಐತಿ. ಉಣ್ರಿ." ಇದು ನಮ್ಮತ್ತೆ ಹುಟ್ಟಿಸಿದ್ದಲ್ಲ, ಆಕೆಯ ಅತ್ತೆಯ ಅತ್ತೆಯಿಂದ ಬಂದದ್ದು. ಹೊಳೆ ದಾಟಿಸುವವರ ಮನೆಗೆ ಯಾರು ಯಾವ ದುಃಖ ಹೊತ್ತು ಬರುತ್ತಾರೋ, ಅದರ ಮೇಲೆ ನಮ್ಮದನ್ನೂ ಹೊರಿಸಬಾರದು ಎಂದು. ಕೈ ತೊಳೆದ ಮೇಲೆ ಬೇಕಾದ್ದು ಹೇಳಬಹುದು, ಬೇಡಬಹುದು, ಜಗಳವನ್ನೂ ಆಡಬಹುದು.

ನನ್ನ ಗಂಡನ ಅಣ್ಣ ಎಲ್ಲಪ್ಪ ಹರಿಗೋಲು ಮಗುಚಿ ಹೊಳೆಪಾಲಾದ ದಿನದ ಕಥೆಯನ್ನು ಊರವರು ಈಗಲೂ ಹೇಳುತ್ತಾರೆ. ಗಟ್ಟು ಊರಿನ ಕಡೆಯ ನಾಲ್ಕು ಜನ ಉಣ್ಣುತ್ತಿದ್ದರಂತೆ. ದಂಡೆಯಿಂದ ಕೂಗು ಕೇಳಿ ಅವರಲ್ಲೊಬ್ಬ "ಏನವ್ವ ಗದ್ದಲ?" ಎಂದನಂತೆ. "ಏನಿಲ್ರಿ, ಉಣ್ರಿ" ಎಂದು ಅತ್ತೆ ಇನ್ನೊಂದು ರೊಟ್ಟಿ ಹಾಕಿದಳು. ಅವರು ಕೈ ತೊಳೆದ ಮೇಲೆಯೇ ನೆಲಕ್ಕೆ ಬಿದ್ದು ಎದೆ ಬಡಿದುಕೊಂಡಳು. ರಜಾಕಾರರ ಗದ್ದಲದಲ್ಲಿ ಓಡಿ ಬಂದವರಿಗೂ ಹಾಗೇ ಬಡಿಸಿದಳು. ಪೊಲೀಸ್ ಆ್ಯಕ್ಷನ್ ಆದಮೇಲೆ ಹೆದರಿ ಓಡಿ ಬಂದ ಸಾಬರ ಹೆಂಗಸರಿಗೂ ಹಾಗೇ ಬಡಿಸಿದಳು. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನಮ್ಮೂರ ಹತ್ತಿರ ಕೃಷ್ಣಾ ಹೊಳೆ ಎರಡು ಕವಲಾಗುತ್ತದೆ. ಸಣ್ಣ ಕವಲು ಹಾಲಗುಂಡು ಎಂಬ ಕರಿಬಂಡೆಯ ಮೇಲಿಂದ ಬೀಳುತ್ತಿತ್ತು. ಅಬ್ಬಾ, ಅದರ ಚೆಂದವೇ ಚೆಂದ! ಕಾರ್ತಿಕ ಬಂತೆಂದರೆ ವನಭೋಜನಕ್ಕೆ ಜನವೋ ಜನ. ನಾರಾಯಣಪೇಟೆಯ ಸೀರೆ ವ್ಯಾಪಾರಿಗಳು, ಗದ್ವಾಲದ ನೇಕಾರರ ಮನೆಯವರು, ಕಚೇರಿಯ ನೌಕರರು, ಫೋಟೊ ತೆಗೆಯುವವರು. ಆ ದಂಡೆಯವರನ್ನು ಮಾವ ಜಂಬಪ್ಪ ಹರಿಗೋಲಿನಲ್ಲಿ ದಾಟಿಸುತ್ತಿದ್ದ. ನಮ್ಮ ಕೈಯಡುಗೆ ಉಣ್ಣುವವರಿಗೆ ಅತ್ತೆ ರೊಟ್ಟಿ, ಮೀನಿನ ಹುಳಿ ಮಾಡಿ ಹಾಕುತ್ತಿದ್ದಳು. ಉಣ್ಣದವರಿಗೆ ಕಟ್ಟಿಗೆ, ಒಲೆಗಲ್ಲು ಕೊಡುತ್ತಿದ್ದಳು. ಸಂಕ್ರಾಂತಿಯವರೆಗಿನ ಆ ದುಡಿಮೆಯಲ್ಲೇ ನಮ್ಮ ವರ್ಷ ಸಾಗಬೇಕು.

ಪೊಲೀಸ್ ಆ್ಯಕ್ಷನ್ ಆದ ಮರುವರ್ಷದ ಮಾತು. ದೀಪಾವಳಿ ಮುಗಿದಿತ್ತು. ಸಂಜೆ ಉಣ್ಣುವಾಗ ನನ್ನ ಗಂಡ ಬಾಯಿ ಬಿಟ್ಟರು.

"ಅವ್ವಾ, ನಾಳಿಂದ ನಾ ಸರ್ವೇದವರ ಕೂಡ ಕೆಲಸಕ್ಕ ಹೊಂಟೀನಿ."

"ಎಲ್ಲಿಗಿ?"

"ಇಲ್ಲೇ, ಹಾಲಗುಂಡಿನ ಮ್ಯಾಲ. ಕವಲಿಗಿ ಮರಳಿನ ಚೀಲ ಹಾಕಿ ನೀರು ಹಳೀ ಕಾಲುವಿಗಿ ತಿರುಗಸ್ತಾರ. ಅದರಾಗ ಎಷ್ಟು ಕರೆಂಟು ಹುಟ್ಟತೈತಿ ಅಂತ ನೋಡ್ತಾರ. ಸಂಕ್ರಾಂತಿ ತನಕ ಪರೀಕ್ಷಾ."

"ನೀರು ತಿರುಗಿಸಿದ್ರ ಗುಂಡಿನ ಮ್ಯಾಲಿಂದ ಏನು ಬೀಳತೈತಿ, ನಿಮ್ಮಪ್ಪನ ಧೋತರಾ?"

"ನಡುವ ನನ್ನ ಧೋತರ ಯಾಕ ಎಳೀತಿ?" ಎಂದ ಮಾವ.

"ನೀ ಸುಮ್ಕಿರು. ಏನ್ಲೇ ಸಾಯಣ್ಣ, ಜನ ಬರೋದು ನೀರು ನೋಡಾಕ. ಬಂಡಿಗಲ್ಲು ನೋಡಾಕ ಅವರೂರಾಗ ಬಂಡಿಗಲ್ಲಿಲ್ಲೇನು? ನಮ್ಮ ಒಲಿಗಿ ನೀನ ನೀರು ಹೊಯ್ಯಾಕ ಹೊಂಟೀಯಲ್ಲೋ ಮೂಳಾ!"

"ಒಲಿ ಒಲಿ ಅಂತೀಯಲ್ಲ, ದೀಪದ ಮಾತು ಹೇಳ್ಲೇನು?" ಗಂಡನ ದನಿ ಏರಿತು. "ಗದ್ವಾಲದಾಗ ಬೀದಿ ದೀಪ ಹತ್ತತಾವ. ನಮ್ಮೂರಿಗೂ ತಂತಿ ಎಳೀತಾರಂತ. ಹ್ವಾದ ವರ್ಷ ಸುಗುಣಿ ಹಡಿಯಾಕ ಕುಂತಾಗ ಚಿಮಣಿ ಎಣ್ಣಿ ತೀರಿ ಕತ್ತಲಾಗಿ ಏನಾತು? ಕೂಸಿನ ಕೊರಳಿಗಿ ಹುರಿ ಸುತ್ತಿದ್ದು ಸೂಲಗಿತ್ತಿ ಕಣ್ಣಿಗಿ ಬಿತ್ತೇನು?"

ನಾನು ಹೆತ್ತ ಆ ಕೂಸು ಅಳಲೇ ಇಲ್ಲ. ಆ ವರ್ಷ ಊರಲ್ಲೆಲ್ಲ ಎಣ್ಣೆಗೆ ಬರ. ಯಾರನ್ನು ದೂರುವುದು? ಆದರೆ ಆ ಕತ್ತಲನ್ನು ನಾನು ಮರೆತಿರಲಿಲ್ಲ, ಅವರೂ ಮರೆತಿರಲಿಲ್ಲ.

"ಉಣ್ಣು," ಎಂದಳು ಅತ್ತೆ ಕೊನೆಗೆ. "ಕೂಸಿನ ಹೆಸರು ತಗದು ನನ್ನ ಬಾಯಿ ಮುಚ್ಚಸಬ್ಯಾಡ. ಮುಚ್ಚಂಗಿಲ್ಲ ಅದು."

ನಿಜಕ್ಕೂ ಮುಚ್ಚಲಿಲ್ಲ. ಮರಳಿನ ಒಡ್ಡು ಬಿದ್ದು ವಾರವಾಗುವುದರೊಳಗೆ ಹಾಲಗುಂಡು ಒಣಗಿತು. ಪಾಚಿ ಮೊದಲು ಹಳದಿಯಾಯಿತು, ಆಮೇಲೆ ಸುಲಿದು ಬಿತ್ತು. ಬಂಡೆಯಿಂದ ಬಿದ್ದ ನೀರು ಹರಿಯುತ್ತಿದ್ದ ಜಾಗದಲ್ಲಿ ಬಂದವರು ಕೈ ತೊಳೆಯುವ ಚಪ್ಪಟೆ ಕಲ್ಲೊಂದಿತ್ತು. ಅದರ ಸುತ್ತ ಬರೇ ಸತ್ತ ಮೀನಿನ ವಾಸನೆ. ನಾನು ಕೊಡ ಹೊತ್ತು ದೊಡ್ಡ ಕವಲಿನತನಕ ನಡೆದು ನೀರು ತರತೊಡಗಿದೆ. ಅತ್ತೆ ಮೂರು ಹೊತ್ತೂ ಮಗನನ್ನು ಬೈದಳು. ಮಗ ಮೂರು ಹೊತ್ತೂ ಎದುರು ಬೈದರು. ವಾರದ ಕೂಲಿಯಲ್ಲಿ ಜೋಳ ತಂದರೆ ಅದನ್ನು ಬೇರೆ ಮಡಕೆಯಲ್ಲಿಟ್ಟು, "ಇದು ನಿಮ್ಮ ಕರೆಂಟಿನ ಜ್ವಾಳ, ನೀವ ಗಂಡಹೆಂಡ್ತಿ ತಿನ್ರಿ" ಎಂದಳು. ನಾನು ಎರಡು ಮಡಕೆಯ ಹಿಟ್ಟನ್ನೂ ಸದ್ದಿಲ್ಲದೆ ಕಲಸಿ ರೊಟ್ಟಿ ಬಡಿದೆ. ಹೊಟ್ಟೆಗೇನು ಗೊತ್ತಾಗುತ್ತದೆ?

ಗದ್ವಾಲದಿಂದ ಒಂದು ದೊಡ್ಡ ಕುಟುಂಬ ವನಭೋಜನಕ್ಕೆ ಬಂತು. ಹಿರಿಯಾಕೆ ಎಲೆಯ ಮುಂದೆ ಕೂತು ಬಂಡೆಯನ್ನು ನೋಡಿ, "ಅಯ್ಯೋ, ಇದೇನವ್ವ ಹಿಂಗ ಬತ್ತೇತಿ?" ಎಂದಳು.

"ಎಲ್ಲಾ ಚೊಲೊ ಐತ್ರಿ ಅಕ್ಕಾರ. ಉಣ್ರಿ."

ಅವರು ಉಂಡು ಹೋದರು. ಊರಿಗೆ ಹೋಗಿ ಏನು ಹೇಳಿದರೋ, ಆಮೇಲೆ ಆ ಕಡೆಯಿಂದ ಯಾರೂ ಬರಲಿಲ್ಲ. ಮಾವ ಹರಿಗೋಲನ್ನು ದಂಡೆಯಲ್ಲಿ ಕವುಚಿಟ್ಟು ಅದರ ನೆರಳಲ್ಲಿ ಬೀಡಿ ಸೇದುತ್ತ ಕೂತ.

ಮಾರ್ಗಶಿರದಲ್ಲಿ ಸರ್ವೇ ಮೇಸ್ತ್ರಿ ನರಸಿಂಹುಲು ಬಂದ. ಒಳ್ಳೆಯ ಮನುಷ್ಯ, ಪಾಪ. ದಿನಾ ನಮ್ಮಲ್ಲೇ ಉಣ್ಣುತ್ತಿದ್ದ. ಒಂದು ದಿನ ಉಂಡು, ಕೈ ತೊಳೆದು, ತಾನೇ ಮಾತು ತೆಗೆದ. "ನೋಡಮ್ಮ, ಎರಡು ದಾರಿ ಅದಾವ. ಒಂದು, ಕವಲಿನ ನೀರೆಲ್ಲ ತಗೊಳ್ಳೋದು. ಇನ್ನೊಂದು, ಅರ್ಧ ತಗೊಂಡು ಅರ್ಧ ಗುಂಡಿಗಿ ಬಿಡೋದು. ಅರ್ಧ ಬಿಟ್ರ ಕರೆಂಟು ಕಮ್ಮಿ ಬರ್ತೈತಿ, ಗದ್ವಾಲಕ್ಕ ಸಾಕಾಗ್ತೈತಿ, ಇತ್ತ ಕಡಿ ಹಳ್ಳಿಗಿ ಬರಂಗಿಲ್ಲ. ಹೈದರಾಬಾದಿನಿಂದ ದೊಡ್ಡ ಸಾಹೇಬ್ರು ಬರ್ತಾರ. ಇಲ್ಲಿ ಮಂದೀನ ಕೇಳೇ ಯಾವ ದಾರಿ ಅಂತ ಠರಾಯಿಸ್ತಾರಂತ. ನಿನ್ನ ಕಷ್ಟ ನೀನ ಹೇಳು."

"ಹೇಳದ ಬಿಡ್ತೀನೇನು!" ಎಂದಳು ಅತ್ತೆ.

ಮರುದಿನ ನಾರಾಯಣಪೇಟೆಯ ಸೀರೆ ವ್ಯಾಪಾರಿ ಖಂಡಪ್ಪನವರು ಬಂದರು. ವರ್ಷ ವರ್ಷವೂ ತಮ್ಮ ಗಿರಾಕಿಗಳನ್ನು ಹಾಲಗುಂಡಿಗೆ ಕರೆತರುತ್ತಿದ್ದವರು ಅವರೇ. ನಮ್ಮಲ್ಲಿ ನೀರು ಸಹ ಮುಟ್ಟುವವರಲ್ಲ, ದೂರ ನಿಂತೇ ಮಾತು. ಅದೊಂದು ಅನುಕೂಲವೇ ಆಯಿತು. ಉಣ್ಣದವರ ಹತ್ತಿರ ಏನು ಬೇಕಾದರೂ ಹೇಳಬಹುದಲ್ಲ! ಅತ್ತೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡಳು.

"ಇದನ್ನ ಹಿಂಗ ಹೇಳಬೇಕು ನೋಡು ಸಾಹೇಬ್ರ ಮುಂದ," ಎಂದರು ಅವರು. "ಇಂಥಾ ಚೆಂದದ ಜಾಗಾ ಮತ್ತ ಹುಟ್ಟಂಗಿಲ್ಲ. ನಾವು ಅರ್ಜಿ ಕೊಟ್ಟೀವಿ. ಆದ್ರ ಪ್ಯಾಟಿ ಮಂದಿ ಮಾತಿಗಿ ಅವರು ಕಿವಿ ಕೊಡಂಗಿಲ್ಲ. ನಿನ್ನ ಬಾಯಿಂದ ಬರಬೇಕು."

ಆ ವಾರವೆಲ್ಲ ನಮ್ಮ ಮನೆಯಲ್ಲಿ ಅದೇ ನಾಟಕ. ನಾನು ಸಾಹೇಬನಾಗಿ ಮೊರ ಕಂಕುಳಲ್ಲಿಟ್ಟುಕೊಂಡು ಕೂರುವುದು, ಅತ್ತೆ ಹೇಳುವುದು. "ಸಾಹೇಬ್ರ, ಪೂರಾ ತಗೋಬ್ಯಾಡ್ರಿ. ಅರ್ಧ ನಿಮಗ, ಅರ್ಧ ಗಂಗಮ್ಮಗ. ದೀಪ ಬ್ಯಾಡ ಅನ್ನಂಗಿಲ್ಲ ನಾವು. ನಮ್ಮ ಮನ್ಯಾಗೂ ಕತ್ತಲಾಗ ಕೂಸು ಹೋಗೇತಿ." ಈ ಮಾತಿಗೆ ಬಂದಾಗಲೆಲ್ಲ ಅವಳು ಒಲೆಯ ಕಡೆ ತಿರುಗುತ್ತಿದ್ದಳು, ನಾನು ಮೊರ ಕೆಳಗಿಡುತ್ತಿದ್ದೆ. ಎಷ್ಟು ಬೈದರೂ ಆ ಕೂಸನ್ನು ಅವಳು ಮರೆತಿರಲಿಲ್ಲ.

ಗಂಡ ಗೋಡೆಗೊರಗಿ ಕೇಳುತ್ತಿದ್ದರು. "ಅರ್ಧ ಬಿಟ್ರ ಇಲ್ಲಿ ಕೆಲಸದವರ ಕಾಯಂ ಕ್ಯಾಂಪು ಆಗಂಗಿಲ್ಲ ಅವ್ವಾ. ಎಲ್ಲಾ ಗದ್ವಾಲ ದಂಡಿಗಿ ಹೋಗತೈತಿ. ನನ್ನ ನೌಕರೀನೂ ಹೋಗತೈತಿ, ನಮ್ಮೂರ ದೀಪಾನೂ ಹೋಗತೈತಿ."

"ಹೋಗಲಿ. ನಿನಗ ಹರಿಗೋಲು ಐತಿ."

"ಎಲ್ಲಪ್ಪಣ್ಣಗೂ ಇತ್ತು ಹರಿಗೋಲು."

ಅತ್ತೆ ಕೈಯಲ್ಲಿದ್ದ ಊದುಗೊಳವೆಯನ್ನು ಬೀಸಿ ಒಗೆದಳು. ಅದು ಮಾವನ ಮೊಣಕಾಲಿಗೆ ತಾಗಿತು. ಮಾವ ಕುಂಟುತ್ತ ಎದ್ದು, "ಈ ಮನ್ಯಾಗ ಕರೆಂಟು ಮೊದ್ಲೇ ಐತಿ, ತಗೋ" ಎಂದು ಹೊರಗೆ ಹೋದ. ನಗು ಬಂದರೂ ಯಾರೂ ನಗಲಿಲ್ಲ.

ದೊಡ್ಡ ಸಾಹೇಬರು ಬಂದದ್ದು ಮಧ್ಯಾಹ್ನಕ್ಕೆ. ಮದ್ರಾಸಿನ ಕಡೆಯಿಂದ ಹೊಸದಾಗಿ ಬಂದವರಂತೆ, ತೆಲುಗು ಮಾತು. ಮುಖದಲ್ಲಿ ಸೊಕ್ಕಿರಲಿಲ್ಲ. ಒಡ್ಡು ನೋಡಿದರು, ಕಾಲುವೆ ನೋಡಿದರು, ಒಣ ಬಂಡೆಯ ಮುಂದೆ ಬಹಳ ಹೊತ್ತು ನಿಂತರು. ಬಿಸಿಲಿಗೆ ಸುಸ್ತಾಗಿದ್ದರು. ನರಸಿಂಹುಲು, "ಇಲ್ಲೇ ಊಟ ಆಗಲಿ, ಮಾತೂ ಆಗತೈತಿ" ಎಂದು ನಮ್ಮ ಚಪ್ಪರಕ್ಕೆ ಕರೆತಂದ. ಒಳ್ಳೆಯದಕ್ಕೇ ಕರೆತಂದ, ಆದರೆ ಅಲ್ಲೇ ಎಲ್ಲ ಕೆಟ್ಟಿತು.

ಅತ್ತೆ ಎಲೆ ಹಾಕಿದಳು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಮೀನಿನ ಹುಳಿ. ಸಾಹೇಬರು ಎರಡು ತುತ್ತು ಉಂಡು, "ಆಹಾ" ಎಂದರು. ಆಮೇಲೆ ತಲೆಯೆತ್ತಿ ತೆಲುಗಿನಲ್ಲಿ ಕೇಳಿದರು: "ಏಮಮ್ಮಾ, ನೀಳ್ಳು ಆಪಿತೇ ಮೀಕೇಮೈನಾ ಇಬ್ಬಂದಿ ಉಂದಾ?" ನೀರು ನಿಲ್ಲಿಸಿದರೆ ನಿಮಗೇನಾದರೂ ತೊಂದರೆಯೇ ಎಂದು.

ಅತ್ತೆಯ ಕೈಯಲ್ಲಿನ ಸೌಟು ಒಂದು ಕ್ಷಣ ನಿಂತಿತು. ಅವಳ ಮುಖವನ್ನು ನಾನು ನೋಡುತ್ತಿದ್ದೆ. ವಾರದಿಂದ ಉರು ಹೊಡೆದ ಮಾತೆಲ್ಲ ಗಂಟಲಿಗೆ ಬಂದು ತಿರುಗಿ ಹೋದದ್ದು ಕಾಣಿಸಿತು.

"ಏನಿಲ್ರಿ ಸಾಹೇಬ್ರ. ಎಲ್ಲಾ ಚೊಲೊ ಐತಿ. ಉಣ್ರಿ."

ಸಾಹೇಬರಿಗೆ ಅಷ್ಟು ಕನ್ನಡ ತಿಳಿಯಿತು. ಆದರೂ ನಂಬಿಕೆಯಾಗದೆ ಮತ್ತೊಮ್ಮೆ ಕೇಳಿದರು. ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಅತ್ತೆ ನನ್ನ ಪಾದವನ್ನು ಹಿಮ್ಮಡಿಯಿಂದ ತುಳಿದಳು. "ಏನೂ ಇಲ್ರಿ" ಎಂದಳು ಮತ್ತೆ, ಹುಳಿ ಬಡಿಸುತ್ತ.

ಆಗ ಸಾಹೇಬರು ಕಂಬದ ಹತ್ತಿರ ನಿಂತಿದ್ದ ನನ್ನ ಗಂಡನ ಕಡೆ ತಿರುಗಿದರು. "ನಿನ್ನ ತಾಯಿಯಲ್ಲವೇ ಈಕೆ? ಈಕೆ ಹೇಳುವುದು ನಿಜವೇ?" ಎಂದು ಅರ್ಥ ಬರುವಂತೆ ಕೇಳಿದರು.

ದೇವರೇ! ಈ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಮಾತಿನ ಬೆಲೆ ಗೊತ್ತಿರಲಿಲ್ಲವೇ? ಅಣ್ಣ ಸತ್ತ ದಿನವೂ ಅದೇ ಮಾತು ಕೇಳಿದವರು. ಅವರು ನೆಲ ನೋಡಿದರು. ನನ್ನನ್ನು ನೋಡಿದರು. ಆಮೇಲೆ, "ಹೌದ್ರಿ" ಎಂದರು.

ಅತ್ತೆ ತಲೆ ಎತ್ತಲಿಲ್ಲ. ಇನ್ನೊಂದು ರೊಟ್ಟಿ ತರಲು ಒಲೆಯ ಹತ್ತಿರ ಹೋದಳು. ಸಾಹೇಬರು ಏಳುವ ಹೊತ್ತಿಗೆ ಅವಳು ಸೆರಗು ಬಿಗಿದುಕೊಂಡು ಚಪ್ಪಟೆ ಕಲ್ಲಿನ ಹತ್ತಿರ ಹೋಗಿ ನಿಂತಿದ್ದಳು. ಬಂದವರು ಕೈ ತೊಳೆಯುವ ಜಾಗ ಅದು. ಅಲ್ಲೇ ಹೇಳಬೇಕೆಂದು ಅವಳ ಲೆಕ್ಕ. ಆದರೆ ಅಲ್ಲಿ ನೀರೆಲ್ಲಿತ್ತು? ಸಾಹೇಬರ ಜವಾನ ಮೋಟಾರಿನಲ್ಲಿದ್ದ ಡಬ್ಬಿಯಿಂದ ನೀರು ಹೊಯ್ದ. ಅವರು ನಡೆಯುತ್ತಲೇ ಕೈ ತೊಳೆದು, ಒರೆಸಿಕೊಂಡು, ಹತ್ತಿ ಕೂತರು. ಕಲ್ಲಿನ ಹತ್ತಿರದಿಂದ ಅತ್ತೆ ಕೂಗಿದಳು. ಮುದುಕಿ ಓಡಿದಳು ಸಹ. ಸಾಹೇಬರು ತಿರುಗಿ ನೋಡಿ, ಊಟ ಹಾಕಿದ ತಾಯಿಗೆ ಕೈ ಮುಗಿದು, ಮಕ್ತಲ್ ದಾರಿ ಹಿಡಿದರು. ದೂಳು ಕೂರುವತನಕ ಅವಳು ಅಲ್ಲೇ ನಿಂತಿದ್ದಳು.

ಹತ್ತು ದಿನಕ್ಕೆ ನರಸಿಂಹುಲು ಬಂದು ಹೇಳಿದ. ನೀರೆಲ್ಲ ತೆಗೆದುಕೊಳ್ಳುವುದೆಂದು ಹುಕುಂ ಆಗಿದೆ. "ಪ್ಯಾಟಿಯವರ ಅರ್ಜಿ ಓದಿದ್ರು ಅಮ್ಮ. 'ಅಲ್ಲಿರೋ ತಾಯೀನ ನಾನ ಎರಡು ಸಲ ಕೇಳೀನಿ, ಮಗನ್ನೂ ಕೇಳೀನಿ, ಅವರಿಗೇ ತ್ರಾಸಿಲ್ಲಂದ್ರ ಪ್ಯಾಟಿಯವರಿಗೇನು' ಅಂದ್ರು ಸಾಹೇಬ್ರು." ಅವನ ಕಣ್ಣಲ್ಲಿ ನೀರಿತ್ತು. ಅಂದು ನಮ್ಮಲ್ಲಿ ಉಣ್ಣಲಿಲ್ಲ.

ಮಾವ ಎಂದೂ ದನಿ ಎತ್ತಿದವನಲ್ಲ, ಅಂದು ಎತ್ತಿದ. "ಒಂದು ಮಾತು ಆಡಾಕ ಏನಾಗಿತ್ತ ನಿನಗ? ವರ್ಷಾನುಗಟ್ಲೆ ನಮ್ಮನ್ನ ಹರಕೊಂಡು ತಿಂದ ಬಾಯಿ ಅವತ್ತ ಎಲ್ಲಿಗಿ ಹೋಗಿತ್ತು?"

"ಎಲಿ ಮುಂದ ಕುಂತಿದ್ರು," ಎಂದಳು ಅತ್ತೆ. ಅಷ್ಟೇ.

"ಆಕೀಗಿ ಯಾಕ ಅಂತೀರಿ ಮಾವ?" ನನ್ನ ಸಿಟ್ಟು ನೆತ್ತಿಗೇರಿತ್ತು. ಗಂಡನ ಕಡೆ ತಿರುಗಿದೆ. "ನೀವು ಉಣ್ಣಾಕ ಕುಂತಿದ್ರೇನು? ಬಡಸ್ತಿದ್ರೇನು? ನಿಮ್ಮ ಬಾಯಿಗ್ಯಾರು ಬೀಗ ಹಾಕಿದ್ರು?"

"ನಾ ಏನನ್ನಲಿ? ನಮ್ಮವ್ವ ಸುಳ್ಳು ಹೇಳ್ತಾಳ್ರಿ ಅನ್ಲೇನು ಸಾಹೇಬ್ರ ಮುಂದ?"

"ಕೈ ತೊಳಕೊಂಡ ಮ್ಯಾಲ ಕೇಳ್ರಿ ಅನ್ನಬಹುದಿತ್ತು. ಅಷ್ಟು ಸಾಕಿತ್ತು."

"ದೀಪ ಬೇಕಾಗಿತ್ತು ನನಗ," ಎಂದರು ಸಣ್ಣಗೆ. "ನಿನ್ನ ಸಲುವಾಗೇ." ನನಗೆ ಅಯ್ಯೋ ಅನ್ನಿಸಿತು, ಕೆನ್ನೆಗೆ ಬಾರಿಸಬೇಕೆಂದೂ ಅನ್ನಿಸಿತು.

ಅಂದಿನಿಂದ ಅತ್ತೆ ಮಗನನ್ನು ಬೈಯುವುದು ನಿಲ್ಲಿಸಿದಳು. ಅವರು ತಡವಾಗಿ ಬಂದರೂ ಇಲ್ಲ, ಬಲೆ ಹರಿದುಬಂದರೂ ಇಲ್ಲ. ಬಡಿಸುವುದು, ಒಳಗೆ ಹೋಗುವುದು. "ಸಿಟ್ಟು ಇಳದೈತಿ ಅವ್ವಂದು," ಎಂದು ಅವರು ಮೊದಲು ಖುಷಿಪಟ್ಟರು. ಗಂಡಸರಿಗೆ ಬುದ್ಧಿ ನಿಧಾನ. ಕ್ಯಾಂಪಿನಲ್ಲಿ ತಗಡಿನ ಗುಡಿಸಲು ಸಿಕ್ಕಿತು, ನಾವಿಬ್ಬರೂ ಅಲ್ಲಿಗೆ ಹೋದೆವು. ನಾನು ಮಾತ್ರ ದಿನಾ ಬೆಳಗಾದರೆ ಅತ್ತೆಯ ಮನೆಗೆ ಬಂದು ನೀರು ಹೊತ್ತು, ಕಸ ಗುಡಿಸಿ, ಬೈಸಿಕೊಂಡು ಹೋಗುತ್ತಿದ್ದೆ.

ಸಂಕ್ರಾಂತಿಗೆ ನನ್ನ ಗಂಡನೂ ಬಂದರು, ಹೊಸ ಧೋತರ ಉಟ್ಟು, ಅವ್ವನಿಗೊಂದು ನಾರಾಯಣಪೇಟೆ ಸೀರೆ ತಂದು. ಅತ್ತೆ ಸೀರೆಯನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯ ಮೇಲಿಟ್ಟಳು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹಿಂಡಿ, ಎಲ್ಲಾ ಮಗನಿಗೆ ಇಷ್ಟವಾದದ್ದೇ ಮಾಡಿದ್ದಳು. ನಾನು ಅವರ ಗಂಗಾಳವನ್ನು ಗೂಡಿನಿಂದ ತೆಗೆದೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಅಲ್ಲೇ ಇಟ್ಟು, ಚಪ್ಪರಕ್ಕೆ ಹೋಗಿ, ನೆಲ ಒರೆಸಿ, ಮುತ್ತಲೆಲೆಯ ಪತ್ರಾಳಿ ಹಾಕಿದಳು.

ಅವರು ಎಲೆಯನ್ನು ನೋಡಿದರು. ಅತ್ತೆಯ ಮುಖ ನೋಡಿದರು. ಕೂತರು.

"ಅವ್ವಾ, ನನ್ನ ಮ್ಯಾಲ ಸಿಟ್ಟೇನು?"

"ಏನಿಲ್ರಿ," ಎಂದಳು ಅತ್ತೆ ನಗುತ್ತ. ಬಂದವರಿಗೆಂದೇ ಇಟ್ಟುಕೊಂಡಿದ್ದ ನಗು ಅದು. "ಎಲ್ಲಾ ಚೊಲೊ ಐತಿ. ಉಣ್ರಿ."

ತುತ್ತು ಅವರ ಕೈಯಲ್ಲೇ ಉಳಿಯಿತು. "ಬೈಯಿ ಅವ್ವಾ. ನಿನ್ನ ಕಾಲು ಬೀಳ್ತೀನಿ, ಒಂದು ಸಲ ಬೈಯಿ."

"ಅಯ್ಯ, ಬೈಯಾಕ ಏನಾಗೇತ್ರಿ? ರೊಟ್ಟಿ ಆರತೈತಿ, ಉಣ್ರಿ."

ಉಂಡರು. ಗಬಗಬ ಉಂಡರು. ಎದ್ದು ಹೋಗಿ ಕೊಡದ ನೀರಲ್ಲಿ ಕೈ ತೊಳೆದು, ಒದ್ದೆ ಕೈ ಮುಂದೆ ಚಾಚಿಕೊಂಡೇ ಬಂದರು. "ಕೈ ತೊಳಕೊಂಡೆ ಅವ್ವಾ. ಈಗ ಹೇಳು. ಏನು ಬೇಕಾದ್ದು ಹೇಳು."

ಅತ್ತೆ ಒರೆಸಿಕೊಳ್ಳಲು ಬಟ್ಟೆ ಕೊಟ್ಟಳು. "ಹೇಳಾಕ ಏನೂ ಇಲ್ರಿ. ಹೊತ್ತಾತು, ದಾರಿ ದೂರ ಐತಿ. ಹೋಗಿ ಬರ್ರಿ."

ಕ್ಯಾಂಪು ಕೂಗಿದರೆ ಕೇಳುವಷ್ಟು ಹತ್ತಿರವಿತ್ತು. ಅವರು ಚಪ್ಪರದ ಕಂಬ ಹಿಡಿದು ನಿಂತೇ ಇದ್ದರು. ಅತ್ತೆ ಒಳಗೆ ಬಂದವಳು ಒಲೆಯ ಮೇಲೆ ನಾನು ಮರೆತ ರೊಟ್ಟಿಯನ್ನು ಕಂಡಳು.

"ಏ ಸುಗುಣೀ! ಕಣ್ಣು ಎಲ್ಲಿಟ್ಟೀಯೇ? ಹೊತ್ತಿ ಕರ್ರಗಾಗೇತಿ! ಧರೂರಾಗ ನಿಮ್ಮವ್ವ ಇದನ್ನ ಕಲಿಸಿದ್ದೇನು? ನಿನ್ನ ಗಂಗಾಳಕ್ಕ ಅದನ್ನ ಹಾಕ್ತೀನಿ, ತಿನ್ನು, ಬುದ್ಧಿ ಬರ್ಲಿ!"

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಾಗಿಲಾಚೆ ನೋಡಿದೆ. ಅತ್ತೆ ನನ್ನನ್ನು ಬೈಯುತ್ತಲೇ ಇದ್ದಳು. ನನ್ನ ಗಂಡ ಹೊರಗೆ ನಿಂತು, ಅದರ ಒಂದೊಂದು ಮಾತನ್ನೂ ಕೇಳುತ್ತಿದ್ದರು.